ನಾಲ್ಕಕ್ಕೂ ಕಲಾಯಿ

ಗುಜರಿಯವನು ಬೆಳಿಗ್ಗೆ ಬರುತ್ತೇನೆ ಎಂದಿದ್ದ. ಅವನ ಬೆಳಿಗ್ಗೆ ಮಧ್ಯಾಹ್ನದವರೆಗೂ ಎಳೆಯುತ್ತದೆ ಎಂದು ಗೊತ್ತಿದ್ದರೂ ನಾನು ಶೆಡ್ಡಿನ ಮೂಲೆಯನ್ನು ಖಾಲಿ ಮಾಡಿ ಸಾಮಾನನ್ನೆಲ್ಲ ಬಾಗಿಲ ಬಳಿ ತಂದಿಟ್ಟಿದ್ದೆ. ಅಪ್ಪನ ಚರ್ಮದ ತಿದಿ, ಉದ್ದನೆಯ ಇಕ್ಕಳಗಳು, ಕಬ್ಬಿಣದ ಒಲೆ, ಒಂದು ಗೋಣಿಚೀಲ. ಚೀಲದೊಳಗೆ ಇದ್ದಿಲು, ನವಸಾಗರದ ಡಬ್ಬಿ, ತವರದ ಕಡ್ಡಿಗಳು, ಹಳೇ ಹತ್ತಿ. ಕಲಾಯಿ ಹಾಕುವವನೊಬ್ಬನ ಇಡೀ ಅಂಗಡಿ ಅಷ್ಟೇ. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಊರೂರು ಸುತ್ತಿ, ತಾಮ್ರದ ಪಾತ್ರೆಗಳಿಗೆ ಒಳಗಡೆ ತವರ ಬಳಿದು, ನಮ್ಮನ್ನೆಲ್ಲ ಸಾಕಿದವನು. ಈಗ ಯಾರ ಅಡುಗೆಮನೆಯಲ್ಲೂ ತಾಮ್ರವಿಲ್ಲ. ಎಲ್ಲಾ ಸ್ಟೀಲು.

ನಮ್ಮದು ಕಾರು ತೊಳೆಯುವ ಶೆಡ್ಡು. ನನ್ನ ಗಂಡ ಕಾರಿನ ಮೈ ತೊಳೆಯುತ್ತಾರೆ, ಒಳಗಿನ ಸೀಟು ನೋಡಿಕೊಳ್ಳುತ್ತಾರೆ. ಚಕ್ರ ನನ್ನದು. ಚಕ್ರದ ಕೆಲಸ ಕೊಳಕು, ಬೆನ್ನು ಬಗ್ಗಿಸಿ ಮಾಡಬೇಕು, ಅದಕ್ಕೇ ಎಲ್ಲ ಕಡೆ ಅದನ್ನು ಕೊನೆಗೆ ಬೇಕಾಬಿಟ್ಟಿ ಮಾಡಿ ಮುಗಿಸುತ್ತಾರೆ. ನನಗೆ ಬೇಕಾಬಿಟ್ಟಿ ಕೆಲಸ ಕಂಡರೆ ಮೈ ಉರಿಯುತ್ತದೆ. ಅದರಲ್ಲೂ ಈ ಹೊಳೆಯುವ ಹಗುರ ಚಕ್ರಗಳನ್ನು ಹಾಳು ಮಾಡುವುದು ಬಹಳ ಸುಲಭ. ಕಳಚಿದ ಚಕ್ರಗಳನ್ನು ನೆಲದ ಮೇಲಿಟ್ಟರೆ ಗೀರು ಬೀಳುತ್ತದೆ. ಅವುಗಳನ್ನು ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡು ಮಾಡಿಸಿದ್ದೆ. ಅದನ್ನು ಇಡಲು ಆ ಮೂಲೆ ಬೇಕಿತ್ತು.

"ಕೊಟ್ಟುಬಿಡು," ಎಂದಿದ್ದ ಅಪ್ಪ. "ಇಲಿಗೆ ಮನೆಯಾಗಿದೆ ಅಷ್ಟೇ."

ಅಷ್ಟು ಬೇಗ ಒಪ್ಪುವ ಜಾತಿಯವನಲ್ಲ ಅವನು. ಅಪ್ಪ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿರಬಹುದು. ಮನೆಯಲ್ಲಿ ಕೂರಲಾರದೆ ನಮ್ಮ ಜೊತೆ ಶೆಡ್ಡಿಗೇ ಬರುತ್ತಿದ್ದ. ನಮ್ಮಿಬ್ಬರ ಕೈ ಸದಾ ಒದ್ದೆ, ಹಾಗಾಗಿ ಫೋನು ಅವನ ಪಾಲಿಗೆ ಬಂದಿತ್ತು. ಒಂದು ಕಿವಿ ಮಂದ. ಇನ್ನೊಂದು ತನಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ.

ಆವತ್ತು ನಾನು ನೀರಿನ ಗನ್ ಹಿಡಿದು ಒಂದು ವ್ಯಾನಿನ ಕೆಳಗೆ ಬಗ್ಗಿದ್ದೆ. ಆ ಸದ್ದಿನಲ್ಲಿ ಫೋನು ಬಂದದ್ದೂ ಗೊತ್ತಾಗಲಿಲ್ಲ, ಅಪ್ಪ ಮಾತಾಡಿದ್ದೂ ಕೇಳಿಸಲಿಲ್ಲ. ಫೋನು ಮಾಡಿದವರು ದನದ ಡಾಕ್ಟ್ರಮ್ಮ. ಆ ಮಾತುಕತೆಯನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದೆ. ಇಬ್ಬರೂ ಒಂದೇ ಥರ ಹೇಳಿದರು.

"ಹಲೋ, ನೀವು ಅಲಾಯ್ ಚೆನ್ನಾಗಿ ಮಾಡ್ತೀರಂತಲ್ಲ?"

ಆ ಹೊಳೆಯುವ ಹಗುರ ಚಕ್ರಗಳನ್ನು ನಮ್ಮ ಶೆಡ್ಡಿನಲ್ಲಿ ನಾವು 'ಚಕ್ರ' ಅಂತಲೋ 'ವೀಲು' ಅಂತಲೋ ಅನ್ನುತ್ತೇವೆ. ಅಲಾಯ್ ಎಂಬ ಪದ ಅಪ್ಪನ ಕಿವಿಗೆ ಬಿದ್ದದ್ದೇ ಇಲ್ಲ. ಅವನಿಗೆ ಗೊತ್ತಿರುವ ಪದ ಇನ್ನೊಂದು.

"ಕಲಾಯಿನಾ? ಯಾರಮ್ಮ ಹೇಳಿದ್ದು?" ಎಂದನಂತೆ ಅಪ್ಪ, ಎದ್ದು ನಿಂತು.

"ನಮ್ಮ ಕಾಂಪೌಂಡರು. ನೀವು ಮಾಡಿದ್ರೆ ಅದರಲ್ಲಿ ಮುಖ ನೋಡ್ಕೋಬಹುದಂತೆ."

"ಮುಖ ಏನು, ಹಲ್ಲಿನ ಸಂದೀಲಿರೋದೂ ಕಾಣುತ್ತೆ. ಎಷ್ಟಿವೆ?"

"ಎಷ್ಟಿರುತ್ತೆ? ನಾಲ್ಕು."

"ದೊಡ್ಡವಾ?"

"ಹದಿನಾರಿನವು."

ಡಾಕ್ಟ್ರಮ್ಮ ಹೇಳಿದ್ದು ಇಂಚು. ಅಪ್ಪ ತಿಳಿದದ್ದು ಸೇರು.

"ಮನೇಲಿ ಜನ ಜಾಸ್ತಿನಾ?"

"ನಾವಿಬ್ಬರೇ. ಯಾಕೆ?"

"ಇಬ್ಬರಿಗೆ ಹದಿನಾರಿನವು ನಾಲ್ಕು ಯಾಕಮ್ಮ?"

"ಅವರೇ ಹಾಕಿ ಕೊಟ್ಟಿದ್ದು. ನಾನೇನು ಕೇಳಿರಲಿಲ್ಲ."

"ಹೋಗಲಿ. ಕಪ್ಪಾಗಿದೆಯಾ?"

"ಇದ್ದಿಲಾಗಿದೆ. ಏನು ಉಜ್ಜಿದ್ರೂ ಹೋಗ್ತಿಲ್ಲ. ಪೆಟ್ರೋಲ್ ಬಂಕಲ್ಲಿ ಯಾವನೋ ಆಸಿಡ್ ಬೇರೆ ಹಾಕಿಬಿಟ್ಟ."

"ಬಂಕಿನವನ ಕೈಗೆ ಯಾಕಮ್ಮ ಕೊಟ್ರಿ!"

"ತಪ್ಪಾಯ್ತು. ಮೊನ್ನೆ ಒಂದು ಸಗಣಿ ಗುಂಡಿಗೂ ಇಳಿದುಬಿಡ್ತು."

ಇಲ್ಲಿ ಮಾತ್ರ ಅಪ್ಪ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದನಂತೆ. ಆಮೇಲೆ, "ನಾನಿದ್ದೀನಿ, ತನ್ನಿ. ಒಲೆ ಹಚ್ಚಿ ಇಟ್ಟಿರ್ತೀನಿ," ಎಂದ. ಒಲೆಯಾ ಎಂದು ಆಕೆ ಕೇಳುವಷ್ಟರಲ್ಲಿ ಅಪ್ಪ ಫೋನಿಟ್ಟಾಗಿತ್ತು.

ನಾನು ವ್ಯಾನಿನ ಕೆಳಗಿಂದ ಎದ್ದಾಗ ಬಾಗಿಲ ಬಳಿ ಇಟ್ಟಿದ್ದ ಸಾಮಾನು ಇರಲಿಲ್ಲ. ಗುಜರಿಯವನು ಹೇಳದೆ ಕೇಳದೆ ಎತ್ತಿಕೊಂಡು ಹೋದನೇನೋ ಎಂದುಕೊಂಡೆ. ಅಷ್ಟರಲ್ಲಿ ಹಿತ್ತಲಿನಿಂದ ಹೊಗೆ ಬಂತು. ನಮ್ಮದು ಪೆಟ್ರೋಲು ತುಂಬಿದ ಗಾಡಿಗಳು ನಿಲ್ಲುವ ಜಾಗ. ಹೊಗೆ ಕಂಡರೆ ನನ್ನ ಜೀವ ಬಾಯಿಗೆ ಬರುತ್ತದೆ. ಬಕೆಟ್ ಹಿಡಿದು ಓಡಿದೆ.

ಚರಂಡಿಯ ಆಚೆ, ಗೋಡೆಗೆ ಒತ್ತಿ ಅಪ್ಪ ಒಲೆ ಹೂಡಿದ್ದ. ಕುಕ್ಕರುಗಾಲಲ್ಲಿ ಕೂತು ತಿದಿ ಒತ್ತುತ್ತಿದ್ದ. ಒಳ್ಳೇ ಅಂಗಿ ತೆಗೆದಿಟ್ಟು, ಕಿಡಿ ಬಿದ್ದು ತೂತಾದ ಹಳೇ ಅಂಗಿ ಹಾಕಿಕೊಂಡಿದ್ದ. ಅದು ಎಲ್ಲಿತ್ತೋ, ಯಾವಾಗ ತಂದಿಟ್ಟುಕೊಂಡಿದ್ದನೋ.

"ಅಪ್ಪಾ! ತಲೆ ಸರಿ ಇದೆಯಾ ನಿಂಗೆ? ಪೆಟ್ರೋಲ್ ಗಾಡಿ ನಿಂತಿವೆ ಇಲ್ಲಿ!"

"ಅದಕ್ಕೇ ಇಷ್ಟು ದೂರ ಬಂದಿದ್ದೀನಿ. ನಿಮ್ಮಜ್ಜಿ ಥರ ಕಿರುಚಬೇಡ."

"ಬೂದಿ ಹಾರಿ ಒದ್ದೆ ಕಾರಿನ ಮೇಲೆ ಕೂತರೆ ನೀನು ಒರೆಸ್ತೀಯಾ?"

"ಗಾಳಿ ಆ ಕಡೆ ಇದೆ ಕಣೇ. ಮೊದಲು ನೋಡು, ಆಮೇಲೆ ಬೈಯಿ. ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅನ್ನು. ಪಾರ್ಟಿ ಬರ್ತಿದೆ."

"ಯಾವ ಪಾರ್ಟಿ?"

"ಡಾಕ್ಟ್ರಮ್ಮ. ದೊಡ್ಡ ಮನೆಯವರಿರಬೇಕು. ಹದಿನಾರಿನವು, ನಾಲ್ಕಕ್ಕೂ ಕಲಾಯಿ." ತಿದಿ ಬಿಟ್ಟು ನನ್ನ ಕಡೆ ನೋಡಿದ. "ಹುಡುಕ್ಕೊಂಡು ಫೋನ್ ಮಾಡಿದ್ದಾರೆ ಮಗಳೇ. ನನ್ನ ಕೆಲಸದಲ್ಲಿ ಮುಖ ಕಾಣುತ್ತಂತೆ."

ಹದಿನಾರು ಎಂದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಬೆಳಿಗ್ಗೆ ಸಾಮಾನು ಹೊರಗಿಡುವಾಗ ನೋಡಿದ ಮುಖವೇ ಬೇರೆ, ಈಗ ಬೆಂಕಿಯ ಮುಂದಿದ್ದ ಮುಖವೇ ಬೇರೆ.

ಬಕೆಟ್ ಹಿಡಿದುಕೊಂಡೇ ಒಳಗೆ ಬಂದು ಗಂಡನಿಗೆ ಹೇಳಿದೆ. ಅವರು ಸೀಟಿನ ಸಂದಿಯಿಂದ ತಲೆ ಎತ್ತಿ, "ಹೇಳಿಬಿಡು. ಕಾರು ಬಂದು ನಿಂತ ಮೇಲೆ ಗೊತ್ತಾಗೋದಕ್ಕಿಂತ ಈಗಲೇ ಒಳ್ಳೇದು," ಎಂದರು.

"ನೀವೇ ಹೇಳಿ."

"ನಿಮ್ಮಪ್ಪ."

"ನಿಮ್ಮ ಮಾವ ಅಲ್ವಾ?"

"ಬೈಯೋಕೆ ಮಾತ್ರ ಮುಂದೆ ಬರ್ತೀಯ, ಇಂಥದ್ದಕ್ಕೆಲ್ಲ ನಾನು," ಎಂದು ಗೊಣಗಿ ಕೈ ಒರೆಸಿಕೊಂಡು ಎದ್ದರು. ಹಿತ್ತಲ ಬಾಗಿಲವರೆಗೆ ಹೋದರು. ಅಲ್ಲಿಂದ ಅಪ್ಪನ ದನಿ ಕೇಳಿಸಿತು: "ಬನ್ನಿ ಅಳಿಯಂದ್ರೇ, ನೋಡಿ, ಬೆಂಕಿ ಅಂದ್ರೆ ಇದು!" ನನ್ನ ಗಂಡ, "ಚೆನ್ನಾಗಿದೆ ಮಾವ," ಎಂದು ಹೇಳಿ ವಾಪಸ್ಸು ಬಂದುಬಿಟ್ಟರು.

ಡಾಕ್ಟ್ರಮ್ಮನಿಗೇ ಫೋನು ಮಾಡಿ ವಿಷಯ ಹೇಳೋಣವೆಂದರೆ ಆಕೆ ಎತ್ತಲಿಲ್ಲ. ಗಾಡಿ ಓಡಿಸುತ್ತಿದ್ದರಲ್ಲ. ನಾನು ಇನ್ನೊಮ್ಮೆ ಒತ್ತುವಷ್ಟರಲ್ಲಿ ಕಾರು ಗೇಟಿನೊಳಗೆ ಬಂತು. ನಾಲ್ಕು ಚಕ್ರವೂ ಮಸಿ ಬಳಿದ ಹಾಗಿದ್ದವು.

ಆಕೆ ರಬ್ಬರ್ ಬೂಟಿನಲ್ಲೇ ಇಳಿದರು. ನನಗಿಂತ ಚಿಕ್ಕವರು. ಅಪ್ಪ ನನಗಿಂತ ಮುಂಚೆ ಅಲ್ಲಿದ್ದ.

"ಬನ್ನಿ ತಾಯಿ. ಡಿಕ್ಕಿ ತೆಗೀರಿ."

ಆಕೆ ಯಾಕೆಂದು ಕೇಳದೆ ತೆಗೆದರು. ಹಗ್ಗ, ಔಷಧಿ ಪೆಟ್ಟಿಗೆ, ಕೆಸರು ಮೆತ್ತಿದ ಕೋಟು. ಅಪ್ಪ ಕೋಟನ್ನು ಎತ್ತಿ ಅದರ ಕೆಳಗೂ ನೋಡಿದ.

"ಪಾತ್ರೆ ಎಲ್ಲಿ?"

"ಯಾವ ಪಾತ್ರೆ?"

"ನಾಲ್ಕಿವೆ ಅಂದ್ರಲ್ಲ. ಕಲಾಯಿಗೆ."

"ಅಯ್ಯೋ, ನಾನು ಅಲಾಯ್ ಅಂದೆ ತಾತ!" ಆಕೆ ಬೂಟಿನ ತುದಿಯಿಂದ ಚಕ್ರ ತೋರಿಸಿ ನಕ್ಕುಬಿಟ್ಟರು. ಕೆಟ್ಟ ನಗುವೇನಲ್ಲ, ಯಾರಿಗಾದರೂ ಬರುವ ನಗುವೇ. "ಅದಕ್ಕೇನಾ ಒಲೆ ಹಚ್ತೀನಿ ಅಂದಿದ್ದು!"

"ನಗೋಕೇನಿದೆ ಇದರಲ್ಲಿ?" ಎಂದೆ ನಾನು. ಗಿರಾಕಿಯ ಜೊತೆ ಹಾಗೆ ಮಾತಾಡಬಾರದೆಂದು ಗಂಡ ಕಣ್ಣಲ್ಲೇ ಗದರಿದರು. ಆಕೆಯ ನಗು ನಿಂತಿತು.

ಆದರೆ ಅಪ್ಪನೂ ನಗುತ್ತಿದ್ದ. "ಸಗಣಿ ಗುಂಡಿಗೆ ಪಾತ್ರೆ ಹೇಗಿಳೀತು ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ!" ಎಂದು ತೊಡೆ ತಟ್ಟಿಕೊಂಡು ನಕ್ಕ. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಕ್ಕ. ಆಮೇಲೆ ಡಿಕ್ಕಿ ಮುಚ್ಚಿ, ನಾನು ಇಟ್ಟಿದ್ದ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೊರಟ.

ಬೆಂಕಿ ಆರಿಸಲು ಹೋಗುತ್ತಿದ್ದಾನೆ. ಆಮೇಲೆ ಸಾಮಾನನ್ನು ತಾನೇ ಬಾಗಿಲ ಬಳಿ ತಂದಿಡುತ್ತಾನೆ. ಇನ್ನು ಆ ಮಾತೇ ಎತ್ತುವುದಿಲ್ಲ. ನನಗೆ ನನ್ನಪ್ಪ ಗೊತ್ತು.

ನಾನು ಚಕ್ರದ ಹತ್ತಿರ ಅಂಗೈ ಹಿಡಿದೆ. ಹಬೆಯ ಹಾಗೆ ಬಿಸಿ ಹೊಡೆಯಿತು. ಬ್ರೇಕು ಒತ್ತಿ ಒತ್ತಿ ದೂರದಿಂದ ಬಂದ ಗಾಡಿ. ಬಿಸಿ ಚಕ್ರಕ್ಕೆ ತೊಳೆಯುವ ಔಷಧಿ ಹಾಕಿದರೆ ಅಲ್ಲೇ ಒಣಗಿ ಕಲೆ ಕೂರುತ್ತದೆ. ನೀರು ಕೂಡ ಹಾಕಬಾರದು.

"ಇದು ತಣ್ಣಗಾಗೋವರೆಗೂ ನಾನು ಮುಟ್ಟಲ್ಲ," ಎಂದೆ ಡಾಕ್ಟ್ರಮ್ಮನಿಗೆ. "ಕೂತ್ಕೊಳ್ಳಿ." ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದೆ: "ಅಪ್ಪಾ, ನೀರು ಹಾಕಬೇಡ!"

ನನ್ನ ಬ್ರಷ್ಷುಗಳು ಒಂದು ತಾಮ್ರದ ಪಾತ್ರೆಯಲ್ಲಿರುತ್ತಿದ್ದವು. ಗಟ್ಟಿ ಪಾತ್ರೆ, ಉದ್ದನೆಯ ಬ್ರಷ್ ಇಟ್ಟರೂ ಮಗುಚಿಕೊಳ್ಳುವುದಿಲ್ಲ. ಬ್ರಷ್ಷಿನಿಂದ ತೊಟ್ಟಿಕ್ಕಿದ ಔಷಧಿ ಅದರೊಳಗಿನ ಕಲಾಯಿಯನ್ನು ತಿಂದು ಹಾಕಿತ್ತು. ಬುಡದಲ್ಲಿ ಹಸಿರು ಕಿಲುಬು. ಬ್ರಷ್ಷುಗಳನ್ನು ನೆಲಕ್ಕೆ ಸುರಿದು ಅದನ್ನು ಹಿತ್ತಲಿಗೆ ಒಯ್ದು ಅಪ್ಪನ ಮುಂದಿಟ್ಟೆ.

"ಇದಕ್ಕೆ ಹಾಕು."

ಅಪ್ಪ ಪಾತ್ರೆಯನ್ನು ಮುಟ್ಟಲಿಲ್ಲ. ದಿನಾ ಅದರ ಪಕ್ಕದಲ್ಲೇ ಕೂರುತ್ತಿದ್ದವನು.

"ನಿಮ್ಮಮ್ಮಂದು," ಎಂದ.

"ಗೊತ್ತು."

"ನನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಮಾಡಿಸ್ತಿದ್ದೀಯ."

"ನಾನು ಯಾವತ್ತು ಯಾರ ಮನಸ್ಸು ನೋಡಿ ಕೆಲಸ ಮಾಡಿದ್ದೀನಿ ಹೇಳು?"

ಅಪ್ಪ ಯೋಚಿಸಿದ. "ಅದೂ ನಿಜ," ಎಂದು ಪಾತ್ರೆ ಎತ್ತಿಕೊಂಡ.

ಮರಳು ಹಾಕಿ ಉಜ್ಜಿದ. ತೊಳೆದು ಬೆಳಕಿಗೆ ಹಿಡಿದು ಮತ್ತೆ ಉಜ್ಜಿದ. ಹಿಂದೆ ದೊಡ್ಡ ಪಾತ್ರೆಗಳಾದರೆ ಒಳಗೇ ನಿಂತು, ಗೋಡೆ ಹಿಡಿದು, ಸೊಂಟ ತಿರುಗಿಸುತ್ತಾ ಕಾಲಲ್ಲಿ ಉಜ್ಜುತ್ತಿದ್ದ. ಅಮ್ಮ ಅದನ್ನು ಕುಣಿತ ಎಂದು ಆಡಿಕೊಳ್ಳುತ್ತಿದ್ದಳು. ನಾನು ತಿದಿಯ ಹಿಡಿ ಹಿಡಿದೆ. ಚಿಕ್ಕಂದಿನಲ್ಲಿ ನನ್ನ ಕೆಲಸ ಅದೇ ಆಗಿತ್ತು. ಚರ್ಮ ಒಣಗಿ ಬಿರುಕು ಬಿಟ್ಟಿತ್ತು, ಒತ್ತಿದಾಗ ಪಕ್ಕದಿಂದಲೂ ಗಾಳಿ ಸೋರುತ್ತಿತ್ತು. ಆದರೂ ಇದ್ದಿಲು ಕೆಂಪಾಯಿತು.

ಡಾಕ್ಟ್ರಮ್ಮ ಬಂದು ನೋಡುತ್ತಾ ನಿಂತರು. "ನಾನು ಒತ್ತಲಾ?" ಎಂದರು. ನಗು ಬಂದದ್ದಕ್ಕೆ ಮುಜುಗರವಾಗಿತ್ತೇನೋ. ನಾನು ಹಿಡಿ ಬಿಟ್ಟುಕೊಟ್ಟೆ.

"ಹಾಗಲ್ಲ ತಾಯಿ, ಕೆಚ್ಚಲು ಹಿಂಡಿದ ಹಾಗೆ ಹಿಂಡಬೇಡಿ," ಎಂದ ಅಪ್ಪ. "ಉಸಿರಾಡಿದ ಹಾಗೆ. ತಗೋ, ಬಿಡು. ತಗೋ, ಬಿಡು."

"ಹೆರಿಗೆ ಮಾಡಿಸೋವಾಗ ನಾನೂ ಹಸುಗೆ ಇದನ್ನೇ ಹೇಳೋದು."

"ಕೇಳುತ್ತಾ?"

"ಇಲ್ಲ, ಒದೆಯುತ್ತೆ."

ಪಾತ್ರೆ ಕಾದಾಗ ಅಪ್ಪ ಇಕ್ಕಳದಲ್ಲಿ ಹಿಡಿದು ನವಸಾಗರದ ಪುಡಿ ಎರಚಿದ. ಬಿಳೀ ಹೊಗೆ ಎದ್ದು ಎಲ್ಲರೂ ಕೆಮ್ಮಿದೆವು. ತವರದ ಕಡ್ಡಿ ಒತ್ತಿದ. ಕರಗಿತು, ಆದರೆ ಹರಡಲಿಲ್ಲ. ಹತ್ತಿಯಲ್ಲಿ ಒರೆಸಿದರೆ ಬುಡದಲ್ಲಿ ಗೋಲಿಗಳ ಹಾಗೆ ಉರುಳಿತು. ನನ್ನ ಔಷಧಿ ಕುಡಿದ ಜಾಗ ಅದು. ಅಪ್ಪನ ಕೈ ನಡುಗುತ್ತಿತ್ತು. ಹೊಗೆಗೋ ಏನೋ, ಕಣ್ಣಲ್ಲಿ ನೀರು.

"ಹಿಡೀತಿಲ್ಲ," ಎಂದ.

"ಸರಿಯಾಗಿ ಉಜ್ಜಿಲ್ಲ ನೀನು," ಎಂದೆ.

"ಏನಂದೆ? ನಾನು ಉಜ್ಜಿಲ್ವಾ?"

"ಬುಡ ಹಾಗೇ ಇದೆ. ನೋಡು."

ಸಿಟ್ಟಿಗೆ ಕೈಯ ನಡುಕ ನಿಂತಿತು. ಪಾತ್ರೆ ಇಳಿಸಿ, ಆರಿಸಿ, ಹಲ್ಲು ಕಚ್ಚಿಕೊಂಡು ಬುಡವನ್ನು ಮತ್ತೆ ಉಜ್ಜಿದ. ಮತ್ತೆ ಬೆಂಕಿಗೆ ಹಿಡಿದ. ಈ ಸಲ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಎಳೆದದ್ದೇ ತಡ, ಕೆಂಪು ಹೋಗಿ ಬೆಳ್ಳಿ ಬಂತು. ಬುಡದಿಂದ ಅಂಚಿನವರೆಗೆ ಒಂದೇ ಉಸಿರಿಗೆ. ನೀರಿಗೆ ಅದ್ದಿದಾಗ ಚೊಯ್ ಎಂದಿತು. ಡಾಕ್ಟ್ರಮ್ಮ ಬಗ್ಗಿ ಪಾತ್ರೆಯೊಳಗೆ ನೋಡಿ, "ನಮ್ಮ ಕಾಂಪೌಂಡರು ಹೇಳಿದ್ದು ಸರಿ, ಮುಖ ಕಾಣುತ್ತೆ," ಎಂದರು.

ಅಷ್ಟರಲ್ಲಿ ಚಕ್ರಗಳು ತಣ್ಣಗಾಗಿದ್ದವು. ನಾನು ಬ್ರಷ್ಷು ಹೆಕ್ಕಿಕೊಂಡು ಕೂತೆ. ಮೊದಲು ಬರೀ ನೀರು ಹೊಡೆದು ಮಣ್ಣು ಸಗಣಿ ಇಳಿಸಿದೆ. ಹಾಗೇ ಬಟ್ಟೆಯಲ್ಲಿ ಉಜ್ಜಿದರೆ ಮಣ್ಣೇ ಗೀರು ಹಾಕುತ್ತದೆ. ಆಮೇಲೆ ಆಸಿಡ್ ಇಲ್ಲದ ಔಷಧಿ ಸಿಂಪಡಿಸಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಚಕ್ರದ ಕಡ್ಡಿಗಳ ಸಂದಿಯಿಂದ ನೇರಳೆ ಬಣ್ಣದ ನೀರು ಇಳಿಯತೊಡಗಿತು.

"ಲೇ, ರಕ್ತ ಬರ್ತಿದೆಯಲ್ಲೇ!" ಎಂದ ಅಪ್ಪ.

"ಅದು ಬ್ರೇಕಿಂದ ಉದುರಿದ ಕಬ್ಬಿಣದ ಪುಡಿ. ಕಾದಿರೋವಾಗ ಹಾರಿ ಚುಚ್ಚಿಕೊಂಡಿರುತ್ತೆ. ಔಷಧಿ ತಾಗಿದ್ರೆ ಹೀಗೆ ಬಿಟ್ಟುಕೊಳ್ಳುತ್ತೆ. ಅದಕ್ಕೇ ಬರೀ ಉಜ್ಜಿದ್ರೆ ಹೋಗಲ್ಲ."

ಸಂದಿಗೆ ಉದ್ದ ಬ್ರಷ್, ಮುಖಕ್ಕೆ ಮೆತ್ತನೆಯದು, ಬೋಲ್ಟಿನ ಗುಳಿಗೆ ಚಿಕ್ಕದು. ತೊಳೆದು ಒರೆಸಿದ ಮೇಲೆ ಮೂರು ಚಕ್ರ ಚೆನ್ನಾಗಿ ಬಂದವು. ಮುಂದಿನ ಎಡಗಡೆಯದರಲ್ಲಿ ಹಾಲು ಚೆಲ್ಲಿ ಒಣಗಿದಂಥ ಮಬ್ಬು ಉಳಿಯಿತು.

"ಇದು ಹೋಗಲ್ಲ," ಎಂದೆ ಡಾಕ್ಟ್ರಮ್ಮನಿಗೆ. "ನಿಮ್ಮ ಬಂಕಿನವನು ಮೇಲಿನ ಪದರ ತಿಂದು ಹಾಕಿದ್ದಾನೆ. ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಇನ್ನು ಮುಂದೆ ಹರಡದ ಹಾಗೆ ಒಂದು ಕೋಟ್ ಹಾಕ್ತೀನಿ, ಅಷ್ಟೇ."

"ಅಂದ್ರೆ ಕಲಾಯಿ ಹೋಗಿದೆ," ಎಂದ ಅಪ್ಪ ಹಿಂದಿನಿಂದ.

"ಕಲಾಯಿ ಅಲ್ಲಪ್ಪ ಇದು."

"ಒಳಗಿನ ಲೋಹ ಕೆಡಬಾರದು ಅಂತ ಮೇಲೊಂದು ಪದರ. ಮತ್ತೇನದು?"

"ಇದಕ್ಕೆ ಬೆಂಕಿ ಇಲ್ಲ. ಬಿಸಿ ಇದ್ರೆ ಕೆಡುತ್ತೆ."

"ಬಿಸಿ ಇಲ್ಲದೆ ಅದು ಹೇಗೆ ಹಿಡಿಯುತ್ತೋ," ಎಂದು ಅಪ್ಪ ನಂಬದ ಮುಖ ಮಾಡಿದ. ನಾನು ಸ್ಪಂಜಿನಲ್ಲಿ ಔಷಧಿ ಹಚ್ಚಿ, ಮಂಜು ಹಿಡಿದ ಹಾಗೆ ಬೆಳ್ಳಗಾಗುವವರೆಗೆ ಕಾದು, ಮೆತ್ತನೆ ಬಟ್ಟೆಯಲ್ಲಿ ಒರೆಸುವುದನ್ನು ಮೊದಲ ಚಕ್ರದಲ್ಲಿ ನೋಡಿದ. ಎರಡನೆಯದಕ್ಕೆ ಕೈ ಚಾಚಿದ. "ಬಟ್ಟೆ ಕೊಡು." ಕೊಟ್ಟೆ. ಬಲವಾಗಿ ಒತ್ತಿದ. "ಒತ್ತಬೇಡ, ಸವರು," ಎಂದೆ. "ಗೊತ್ತು ಗೊತ್ತು," ಎಂದ, ಗೊತ್ತಿರಲಿಲ್ಲ. ಅದನ್ನು ನಾನು ಇನ್ನೊಮ್ಮೆ ಮಾಡಬೇಕಾಯಿತು.

ಡಾಕ್ಟ್ರಮ್ಮ ಹೊರಟು ಕಾರು ಗೇಟು ದಾಟುತ್ತಿದ್ದಾಗ ಗುಜರಿಯವನ ಮೂರು ಚಕ್ರದ ಗಾಡಿ ಒಳಗೆ ಬಂತು. "ಅಕ್ಕಾ, ಎಲ್ಲಿ ಸಾಮಾನು?"

"ಏನಿಲ್ಲ, ಹೋಗು," ಎಂದೆ. "ಬೆಳಿಗ್ಗೆ ಬಾ ಅಂದ್ರೆ ಈಗ ಬರ್ತೀಯಾ?"

"ಇರಪ್ಪ," ಎಂದ ಅಪ್ಪ. "ಹಿಂದಿದೆ. ಒಲೆ ಬಿಸಿ ಇದೆ, ನೋಡ್ಕೊಂಡು ಎತ್ತು."

"ಅಪ್ಪ, ಬೇಡ. ಇರಲಿ ಬಿಡು. ಸ್ಟ್ಯಾಂಡು ಬೇರೆ ಕಡೆ ಇಡ್ತೀನಿ."

"ನಿನ್ನೆ ಕೊಡು ಅಂದೆ, ಇವತ್ತು ಬೇಡ ಅಂತೀಯ. ಸಿಟ್ಟು ಏರಿದಾಗ ಒಂದು ಮಾತು, ಇಳಿದಾಗ ಒಂದು ಮಾತು."

"ನಿನ್ನೆ ನೀನೇ ಇಲಿ ಮನೆ ಅಂದಿದ್ದು!"

"ತಾತಾ, ತಗೊಳ್ಳಲೋ ಬಿಡಲೋ?" ಎಂದ ಗುಜರಿಯವನು.

"ತಗೋ," ಎಂದ ಅಪ್ಪ. "ಬಿಡು," ಎಂದೆ ನಾನು. ಎರಡೂ ಒಟ್ಟಿಗೇ ಬಂತು. ಅವನು ಸೀಟಿನ ಮೇಲೆ ಕೂತು ಟವೆಲಿನಿಂದ ಗಾಳಿ ಬೀಸಿಕೊಂಡ.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ನಿನ್ನೆ ಕೊಟ್ಟಿದ್ರೆ ಯಾರಿಗೂ ಬೇಡವಾದ್ದನ್ನ ಎಸೆದ ಹಾಗಾಗ್ತಿತ್ತು ಕಣೇ. ಅದಕ್ಕೇ ನನಗೆ ಸಂಕಟ. ಇವತ್ತು ಕೆಲಸ ಮುಗಿಸಿ ಕೊಡ್ತಿದ್ದೀನಿ. ಅದೂ ಯಾರ ಪಾತ್ರೆಗೆ ಅಂತ ಯೋಚನೆ ಮಾಡು. ಇನ್ನೊಂದು ಸಲ ಆ ಬೆಂಕಿ ಮುಂದೆ ಕೂರೋಕೆ ನನ್ನ ಕೈಲಾಗಲ್ಲ. ನೋಡಿದೆಯಲ್ಲ ಕೈ."

ನೋಡಿದ್ದೆ. ತಿದಿಯನ್ನು ನಾನೇ ಎತ್ತಿ ಗಾಡಿಯ ಮೇಲಿಟ್ಟೆ. ಎಸೆಯಲು ಹೋದ ಗುಜರಿಯವನಿಗೆ ಸರಿಯಾಗಿ ಬೈದೆ.

ಸಂಜೆ ಸ್ಟ್ಯಾಂಡು ಮೂಲೆಗೆ ಬಂತು. ಬ್ರಷ್ಷುಗಳನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿದೆ. ಅಮ್ಮನ ಪಾತ್ರೆಯನ್ನು ಮನೆಗೆ ಒಯ್ಯೋಣವೆಂದರೆ ಅದು ಅಪ್ಪನ ಕುರ್ಚಿಯ ಪಕ್ಕದಲ್ಲಿತ್ತು. ಒಳಗೆ ಫೋನು ಇಟ್ಟುಕೊಂಡಿದ್ದ.

"ಇದೇನಪ್ಪ?"

"ಇದರಲ್ಲಿಟ್ರೆ ಸದ್ದು ಜೋರು ಬರುತ್ತೆ. ಈ ಕಿವೀಗೂ ಕೇಳುತ್ತೆ."

ಹೇಳುತ್ತಿರುವಾಗಲೇ ಫೋನು ಬಡಿದುಕೊಂಡಿತು. ಪಾತ್ರೆಯೆಲ್ಲ ಗುಂಯ್‌ಗುಟ್ಟಿ, ಕಾರಿನೊಳಗಿದ್ದ ನನ್ನ ಗಂಡ ಬೆಚ್ಚಿ ತಲೆ ಹೊಡೆದುಕೊಂಡರು. ಅಪ್ಪ ನಿಧಾನವಾಗಿ ಎತ್ತಿ ಒಳ್ಳೇ ಕಿವಿಗೆ ಇಟ್ಟುಕೊಂಡ.

"ಹಲೋ. ಏನಂದ್ರಿ? ಅಲಾಯೋ, ಕಲಾಯಿಯೋ? ಬಿಡಿಸಿ ಹೇಳಿ." ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಹಾಂ, ಹಾಗೆ ಹೇಳಿ ಮತ್ತೆ. ಕಲಾಯಿ ನಿಲ್ಲಿಸಿದ್ದೀವಿ. ಅಲಾಯ್ ಮಾಡ್ತೀವಿ, ಬನ್ನಿ. ಆದ್ರೆ ಬಂದ ಕೂಡಲೇ ಮುಟ್ಟಲ್ಲ. ತಣ್ಣಗಾಗಬೇಕು, ಅಲ್ಲೀವರೆಗೂ ಕೂತಿರಬೇಕು. ನನ್ನ ಮಗಳು ಸ್ವಲ್ಪ ಸಿಡುಕಿ. ಅದಕ್ಕೆ ಬೇಜಾರು ಮಾಡ್ಕೋಬೇಡಿ."